ಪಾಲಿಗೆ ಬಂದವರು ಪಾಳಿಗೂ ಬರಲಿ

ತಾಯ್ತಂದೆಗಳ ಸೇವೆಯ ಮಹಿಮೆಯನ್ನು ಕುರಿತು ನಮ್ಮ ವೇದಿಕೆಗಳ ಮೇಲೆ ಆಗುವಷ್ಟು ಉಪನ್ಯಾಸಗಳು ಬೇರಾವ ವಿಷಯವನ್ನು ಕುರಿತೂ ಆಗಲಾರವು. ಜಾತ್ರೆಯಾಗಲಿ, ಶ್ರಾವಣಮಾಸದ ಪ್ರವಚನವಾಗಲಿ, ಹಳೆಯ ವಿದ್ಯಾರ್ಥಿಗಳ ಸಮ್ಮೇಳನವಾಗಲಿ, ಹೆತ್ತವರ ಋಣ ತೀರದೆಂಬ ಮಾತು ಬಂದೇ ಬರುತ್ತದೆ. ಅದರ ಹಿಂದೆಯೇ ಶ್ರವಣಕುಮಾರನ ಕಾವಡಿಯೂ ಬರುತ್ತದೆ. ಕೇಳಿದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಾರೆ. ಆ ಮಾತುಗಳ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಅವುಗಳನ್ನು ಯಾರಿಗೆ ಹೇಳುತ್ತೇವೆಂಬುದರಲ್ಲಿ. ಉಪನ್ಯಾಸವೆಲ್ಲ ಗಂಡುಮಕ್ಕಳನ್ನು ಉದ್ದೇಶಿಸಿ ನಡೆಯುತ್ತದೆ. ಸೇವೆಯನ್ನು ನಿಜವಾಗಿ ಮಾಡುವ ಜೀವ ಆ ಹೊತ್ತಿನಲ್ಲಿ ಸಭೆಯಲ್ಲಿ ಇರುವುದೇ ಇಲ್ಲ. ಆಕೆ ಮನೆಯಲ್ಲಿ ಮಾವನವರ ಹಾಸಿಗೆಯ ಹೊದಿಕೆ ಬದಲಾಯಿಸುತ್ತಿರುತ್ತಾಳೆ.

ಸಭೆಯಲ್ಲಿ ಶಾಲು ಹೊದಿಸಿಕೊಳ್ಳುವ ಮಗನನ್ನು ನಾವು ಮಾತೃಪಿತೃಭಕ್ತನೆನ್ನುತ್ತೇವೆ. ಆತ ಔಷಧಿಯ ಚೀಟಿಗೆ ಹಣ ತೆತ್ತಿದ್ದಾನೆ, ಒಳ್ಳೆಯದೇ. ಆದರೆ ಪಾರ್ಶ್ವವಾಯು ಬಡಿದು ಮಲಗಿದ ಮುದುಕರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲಾಗಿಸಬೇಕು, ಇಲ್ಲವಾದರೆ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹಾಸಿಗೆಹುಣ್ಣು ಏಳುತ್ತದೆ. ಈ ಎರಡು ಗಂಟೆಯ ಲೆಕ್ಕ ರಾತ್ರಿಗೂ ಅನ್ವಯಿಸುತ್ತದೆ. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುವಾಗ ತಲೆದಿಂಬು ಎತ್ತರಿಸಿರಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರಿಸಬೇಕು, ಇಲ್ಲವಾದರೆ ಅದು ಶ್ವಾಸಕೋಶಕ್ಕೆ ಇಳಿದೀತು. ಮೂತ್ರದ ಚೀಲ ನೋಡಬೇಕು, ಸಕ್ಕರೆಯ ಪ್ರಮಾಣ ನೋಡಬೇಕು, ಕೈಕಾಲುಗಳನ್ನು ಆಡಿಸಬೇಕು, ಆಡಿಸದಿದ್ದರೆ ಕೀಲುಗಳು ಸೆಟೆದು ನಿಲ್ಲುತ್ತವೆ. ಐವತ್ತು ಕಿಲೋ ತೂಕದ ಹೆಂಗಸು ಎಪ್ಪತ್ತು ಕಿಲೋ ತೂಕದ ಗಂಡಸನ್ನು ದಿನಕ್ಕೆ ಹತ್ತಾರು ಬಾರಿ ಎತ್ತಿ ಹೊರಳಿಸುತ್ತಾಳೆ. ಅವಳ ನಡುವಿನ ಮೂಳೆ ಯಾವ ಲೋಹದ್ದೆಂದು ಯಾರೂ ಕೇಳಿಲ್ಲ.

ನಮ್ಮ ವಿದ್ಯಾನಗರದ ಸಂಗತಿಯನ್ನೇ ನೋಡೋಣ. ಶಿವಮೊಗ್ಗೆಯ ತುಂಗಾ ಸೇತುವೆ ದಾಟಿ ಭದ್ರಾವತಿಯ ಹಾದಿಯಲ್ಲಿರುವ ಈ ಬಡಾವಣೆಗೂ ಆ ಉಕ್ಕಿನ ಪಟ್ಟಣಕ್ಕೂ ಬಳಕೆ ಹಳೆಯದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅದಾದ ಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡೂ ಮೂರು ತಲೆಮಾರಿಗೆ ಅನ್ನವಿಟ್ಟವು. ತಂದೆಯ ಕೆಲಸ ಮಗನಿಗೆ ಸಿಕ್ಕುವ ಕಾಲವೊಂದಿತ್ತು. ಆಗ ಮಗನೂ ಸೊಸೆಯೂ ಅದೇ ಕ್ವಾರ್ಟರ್ಸಿನ ಸೂರಿನಡಿ ಇರುತ್ತಿದ್ದರು. ಕಬ್ಬಿಣದ ಕಾರ್ಖಾನೆ 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತುವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಗಳು ಸೊರಗಿದಂತೆ ಮಕ್ಕಳು ಬೆಂಗಳೂರಿಗೆ, ಪುಣೆಗೆ, ಕಡಲಾಚೆಗೆ ನಡೆದರು. ಉಳಿದವರು ಎಪ್ಪತ್ತು ದಾಟಿದ ತಂದೆ, ಅರುವತ್ತೈದರ ತಾಯಿ, ಹಾಗೂ ಹತ್ತು ಮನೆಗೊಬ್ಬಳಂತೆ ಹೋಗದೆ ಉಳಿದ ಮಗಳೋ ಸೊಸೆಯೋ. ಕಾರ್ಮಿಕ ಪಿಂಚಣಿ ಯೋಜನೆಯಡಿ 2014ರಲ್ಲಿ ಗೊತ್ತಾದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಹಾಸಿಗೆ ಹಿಡಿದವರ ಡಯಾಪರಿನ ಖರ್ಚಿಗೂ ಅದು ಸಾಲದು.

ಭದ್ರಾವತಿಯವರಿಗೆ ಪಾಳಿಯೆಂದರೇನೆಂದು ಬಿಡಿಸಿ ಹೇಳಬೇಕಾದುದಿಲ್ಲ. ಸೈರನ್ ಕೂಗಿದರೆ ಒಂದು ಪಾಳಿಯವರು ಒಳಗೆ, ಇನ್ನೊಂದು ಪಾಳಿಯವರು ಹೊರಗೆ. ಕುಲುಮೆಯ ಮುಂದೆ ನಿಂತವನನ್ನು ಇಪ್ಪತ್ತನಾಲ್ಕು ಗಂಟೆ ನಿಲ್ಲಿಸಬಾರದೆಂದೂ ವಾರಕ್ಕೊಂದು ರಜೆ ಕೊಡಬೇಕೆಂದೂ 1948ರಲ್ಲಿಯೇ ಕಾರ್ಖಾನೆಗಳ ಕಾಯಿದೆ ವಿಧಿಸಿತು. ದಣಿದವನ ಕೈ ತಪ್ಪಿದರೆ ಅವನೂ ಸಾಯುತ್ತಾನೆ, ಪಕ್ಕದವನೂ ಸಾಯುತ್ತಾನೆ ಎಂಬ ಸಾಮಾನ್ಯ ವಿವೇಕ ಅದರ ಹಿಂದಿತ್ತು. ಆ ಪಾಳಿಯ ಹಕ್ಕಿಗಾಗಿ ಘೋಷಣೆ ಕೂಗಿದ ಕಾರ್ಮಿಕನೇ ನಿವೃತ್ತನಾಗಿ ಹಾಸಿಗೆ ಹಿಡಿದಾಗ, ಅವನನ್ನು ನೋಡಿಕೊಳ್ಳುವ ಹೆಣ್ಣಿಗೆ ಪಾಳಿಯಿಲ್ಲ, ರಜೆಯಿಲ್ಲ, ಬದಲಿ ಆಳಿಲ್ಲ. ಹತ್ತು ವರ್ಷವಾದರೂ ಸೈರನ್ ಕೂಗುವುದಿಲ್ಲ.

ಇದು ನನ್ನ ಅಸಮಾಧಾನದ ಅತಿಶಯೋಕ್ತಿಯೆಂದು ತಿಳಿಯುವವರು ಸರ್ಕಾರದ ಲೆಕ್ಕವನ್ನೇ ನೋಡಬಹುದು. 2024ರ ಕಾಲವಿನಿಯೋಗ ಸಮೀಕ್ಷೆಯ ಪ್ರಕಾರ ಈ ದೇಶದ ಹೆಣ್ಣು ಕೂಲಿಯಿಲ್ಲದ ಮನೆಗೆಲಸಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡು 88 ನಿಮಿಷ. ಮನೆಯವರ ಆರೈಕೆಯ ಕೆಲಸದಲ್ಲಿ 15ರಿಂದ 59ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ತೊಡಗಿದ್ದಾರೆ, ಗಂಡಸರಲ್ಲಿ 21 ಮಂದಿ. ತೊಡಗಿದವರೊಳಗೂ ಆಕೆಯದು 140 ನಿಮಿಷ, ಆತನದು 74. ಇದರಲ್ಲಿ ಕೂಸಿನ ಆರೈಕೆಯೂ ಸೇರಿದೆ, ಒಪ್ಪೋಣ. ಆದರೆ ಕೂಸು ದಿನೇದಿನೇ ಬೆಳೆಯುತ್ತದೆ, ವರ್ಷ ತುಂಬುವ ಹೊತ್ತಿಗೆ ನಗುತ್ತ ಹೆಜ್ಜೆಯಿಡುತ್ತದೆ. ಹಾಸಿಗೆ ಹಿಡಿದ ಹಿರಿಯರ ಆರೈಕೆ ಇಳಿಜಾರಿನ ದಾರಿ. ಇಂದಿಗಿಂತ ನಾಳೆ ಕಷ್ಟ, ನಾಳೆಗಿಂತ ನಾಡಿದ್ದು ಕಷ್ಟ.

ಅದರಲ್ಲಿಯೂ ಮರೆವಿನ ರೋಗದ ಮನೆಯನ್ನು ಹೊಕ್ಕು ನೋಡಬೇಕು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ದೇಶದ ಅರುವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು ಮಾಡಿತು. ಈ ರೋಗಕ್ಕೆ ಗುರಿಯಾದ ಅತ್ತೆ ಉಂಡದ್ದನ್ನು ಮರೆತು, ಸೊಸೆ ಅನ್ನವಿಕ್ಕಲಿಲ್ಲವೆಂದು ನೆರೆಹೊರೆಯವರಿಗೆ ಹೇಳುತ್ತಾರೆ. ತಾವೇ ಎಲ್ಲೋ ಇಟ್ಟ ಬಳೆಯನ್ನು ಸೊಸೆ ಕದ್ದಳೆಂದು ಅಳುತ್ತಾರೆ. ಸಂಜೆಯಾದರೆ ಬಾಗಿಲು ತೆರೆದು ತವರಿಗೆ ಹೊರಡುತ್ತಾರೆ. ಇವೆಲ್ಲ ರೋಗದ ಲಕ್ಷಣಗಳು, ಮುದುಕಿಯ ಕೇಡುಬುದ್ಧಿಯಲ್ಲ. ಆದರೆ ಬೆಂಗಳೂರಿನಿಂದ ಎರಡು ದಿನದ ಮಟ್ಟಿಗೆ ಬಂದ ನಾದಿನಿ, ತಾಯಿಯ ಮಾತನ್ನು ಕೇಳಿ, “ಅಮ್ಮನಿಗೆ ಹೊಟ್ಟೆ ತುಂಬ ಊಟ ಹಾಕೋದಿಲ್ವಂತೆ ಅತ್ತಿಗೆ?” ಎಂದು ಕೇಳಿಯೇಬಿಡುತ್ತಾಳೆ. ಮೂರು ವರ್ಷದ ನಿದ್ದೆಗೇಡಿಗೆ ಸಂದ ಸಂಬಳ ಆ ಒಂದು ಪ್ರಶ್ನೆ! ಅದೇ ತಾಯಿ, ಬಂದ ಮಗಳ ಮುಂದೆ ಒಂದು ಗಳಿಗೆ ನೆಟ್ಟಗೆ ಮಾತಾಡಿದರಂತೂ, “ಅಮ್ಮ ಚೆನ್ನಾಗಿಯೇ ಇದಾರಲ್ಲ, ನೀವೇ ಸುಮ್ಮನೆ ದೊಡ್ಡದು ಮಾಡ್ತೀರಿ” ಎಂಬ ತೀರ್ಪೂ ದೊರೆಯುತ್ತದೆ.

ಇನ್ನು ಕಾಯಿದೆಯ ಮಾತು. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಅದು ಬೇಕಾಗಿಯೇ ಇದ್ದ ಕಾಯಿದೆ. ಮಕ್ಕಳು ಕೈಬಿಟ್ಟರೆ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ವಕೀಲರ ಹಂಗಿಲ್ಲ. ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಆಜ್ಞೆಯಾಗಬಹುದು. ನೋಡಿಕೊಳ್ಳುವರೆಂಬ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟ ಆಸ್ತಿಯನ್ನು, ಅವರು ನೋಡಿಕೊಳ್ಳದಿದ್ದಲ್ಲಿ 23ನೆಯ ಕಲಮಿನಂತೆ ರದ್ದುಪಡಿಸಿಕೊಳ್ಳಲೂಬಹುದು. ಆ ಷರತ್ತು ಇರಬೇಕಾದುದು ಅಗತ್ಯವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುವಾಗಿ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಪತ್ರ ಬರೆಯಿಸುವ ಹಿರಿಯರು ಷರತ್ತನ್ನು ಸ್ಪಷ್ಟವಾಗಿ ಬರೆಯಿಸುವುದೇ ಕ್ಷೇಮ. ಇದಿಷ್ಟೂ ಸರಿಯೇ. ಆದರೆ ಆ ಕಾಯಿದೆಯ ‘ಮಕ್ಕಳು’ ಎಂಬ ಪದದ ವ್ಯಾಖ್ಯೆಯಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಇದ್ದಾರೆ. ಸೊಸೆ ಇಲ್ಲ. ಸೊಸೆಯನ್ನೂ ಅಳಿಯನನ್ನೂ ಸೇರಿಸಲೆಂದು 2019ರಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಶಾಸನವಾಗಲಿಲ್ಲ. ಅಂದಮೇಲೆ ಕಾಯಿದೆಯ ಕಣ್ಣಿನಲ್ಲಿ ಹೊಣೆ ಮಗನದು ಮತ್ತು ಮಗಳದು. ಮನೆಯಲ್ಲಿ ಹೊಣೆ ಸೊಸೆಯದು! ಇತ್ತ ಗಂಡ ಬದುಕಿರುವ ತನಕ ಆಕೆ ಅತ್ತೆಮಾವಂದಿರ ಆಸ್ತಿಗೆ ವಾರಸುದಾರಳೂ ಅಲ್ಲ. ಹೊಣೆಯ ಪತ್ರದಲ್ಲಿಯೂ ಹೆಸರಿಲ್ಲದ, ಹಕ್ಕಿನ ಪತ್ರದಲ್ಲಿಯೂ ಹೆಸರಿಲ್ಲದ ಈ ಹೆಣ್ಣಿನ ಹೆಗಲ ಮೇಲೆ ನಮ್ಮ ಸಂಸ್ಕೃತಿಯೆಂಬ ಹಿರಿಯ ಮಾತು ನಿಂತಿದೆ.

ಹೆಣ್ಣುಮಕ್ಕಳಿಗೂ ಒಂದು ಮಾತು ಹೇಳಲೇಬೇಕು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ನಮ್ಮ ರಾಜ್ಯ 1994ರಲ್ಲಿಯೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶ ಮಾಡಿತು. ನ್ಯಾಯವಾದ ಪಾಲು, ತಪ್ಪದೆ ಕೇಳಿರಿ. ಆದರೆ ‘ನಾನು ಕೊಟ್ಟ ಮನೆಯ ಹೆಣ್ಣು’ ಎಂಬ ಹಳೆಯ ನೆಪವನ್ನು ಪಾಲಿನ ದಿನ ಮಡಿಚಿಟ್ಟು ಸೇವೆಯ ದಿನ ಬಿಚ್ಚುವಂತಿಲ್ಲ. ಪಾಲಿಗೆ ಬಂದವರು ಪಾಳಿಗೂ ಬರಬೇಕು. ಅಣ್ಣನಿಗೂ ತಂಗಿಗೂ, ಬೆಂಗಳೂರಿನವನಿಗೂ ಅಮೆರಿಕದವನಿಗೂ ಇದೊಂದೇ ಮಾತು.

ಹೀಗೆಂದರೆ ಒಡನೆಯೇ ಕೇಳಿಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಸೇವೆಯನ್ನು ಗಡಿಯಾರ ಹಿಡಿದು ಅಳೆಯುವುದೇ, ಹೆತ್ತ ತಾಯಿಯ ಮುಂದೆ ಲೆಕ್ಕದ ಪುಸ್ತಕ ಬಿಚ್ಚುವುದೇ ಎಂದು ಕೇಳುತ್ತಾರೆ. ಕೇಳುವವರು ಬಹುಮಟ್ಟಿಗೆ ಆ ಪುಸ್ತಕದಲ್ಲಿ ಬಾಕಿಯುಳ್ಳವರು. ಅಳತೆ ಬೇಡವೆನ್ನುವ ಮಾತು ಒಬ್ಬಳೇ ಎಲ್ಲವನ್ನೂ ಮಾಡಲಿ ಎಂಬುದರ ಭಕ್ತಿಪೂರ್ವಕ ರೂಪವಷ್ಟೆ. ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮಗೆ ಇದು ತಿಳಿಯದ ಸಂಗತಿಯೇ? ಅಲ್ಲಿ ಬಡಿಸುವುದಕ್ಕೆ ಪಾಳಿಯಿತ್ತು, ನೀರು ಸೇದುವುದಕ್ಕೆ ಪಾಳಿಯಿತ್ತು, ಅಂಗಳ ಗುಡಿಸುವುದಕ್ಕೆ ಪಾಳಿಯಿತ್ತು. ಗೌಡರ ಮಗನೂ ಗುಡಿಸಿದ, ಕೂಲಿಯವರ ಮಗನೂ ಗುಡಿಸಿದ. ಪಾಳಿ ಹಚ್ಚಿದ್ದರಿಂದ ದಾಸೋಹ ವ್ಯಾಪಾರವಾಯಿತೆಂದು ಯಾರೂ ಅನ್ನಲಿಲ್ಲ. ಅಲ್ಲಿ ಪೊರಕೆ ಹಿಡಿದ ಕೈ, ಮದುವೆಯಾದ ಮೇಲೆ ತಂದೆಯ ಬೆಡ್‌ಪ್ಯಾನ್ ಹಿಡಿಯಲು ನಾಚುವುದೇಕೆ?

ನಮ್ಮ ಅಜ್ಜಿಯರು ಮಾಡಲಿಲ್ಲವೇ ಎನ್ನುವವರೂ ಇದ್ದಾರೆ. ಮಾಡಿದರು. ಆದರೆ ಅವರ ಕಾಲದ ಮನೆಯಲ್ಲಿ ಮೂವರು ಸೊಸೆಯರು, ಇಬ್ಬರು ಸೋದರತ್ತೆಯರು, ಒಕ್ಕಲಾಳಿನ ಹೆಂಡತಿ ಇರುತ್ತಿದ್ದರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯನ ಸರಾಸರಿ ಆಯುಷ್ಯ 32 ವರ್ಷ. ಈಗ ಅದು 70ರ ಆಸುಪಾಸು. ಆಗಿನ ಸರಾಸರಿ ಅಷ್ಟು ಕೆಳಗಿದ್ದುದಕ್ಕೆ ಮುಖ್ಯ ಕಾರಣ ಶಿಶುಮರಣವೆಂಬುದು ನಿಜ. ಆದರೂ ಪಾರ್ಶ್ವವಾಯು ಬಡಿದವರು, ತೊಡೆಯ ಮೂಳೆ ಮುರಿದವರು ಬಹುಕಾಲ ಉಳಿಯುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಈಗ ಉಳಿಯುತ್ತಾರೆ. ಅದು ವೈದ್ಯಶಾಸ್ತ್ರದ ಉಪಕಾರ, ಸಂತೋಷ. ಅಜ್ಜಿ ಆರು ತಿಂಗಳು ಹೊತ್ತ ಹೊರೆಯನ್ನು ಮೊಮ್ಮಗಳು ಹತ್ತು ವರ್ಷ, ಒಬ್ಬಳೇ, ತನ್ನ ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆ ಹೊರುತ್ತಿದ್ದಾಳೆ. ಹೋಲಿಕೆ ಸಲ್ಲದು.

ಮೂರನೆಯದು ವೃದ್ಧಾಶ್ರಮದ ಮಾತು. ಅದನ್ನು ಪಾಶ್ಚಾತ್ಯ ಅನಾಗರಿಕತೆಯೆಂದು ಬಣ್ಣಿಸುವುದು ನಮ್ಮ ವಾಗ್ಮಿಗಳಿಗೆ ಅತಿ ಸುಲಭವಾದ ಚಪ್ಪಾಳೆ. ಹೆತ್ತವರನ್ನು ಆಸ್ತಿ ಬರೆಯಿಸಿಕೊಂಡು ಹೊರಹಾಕುವ ಮಗನನ್ನು ಸಮರ್ಥಿಸುವವನು ನಾನಲ್ಲ, ಅಂಥವನಿಗೆ ಆ 2007ರ ಕಾಯಿದೆಯಲ್ಲಿಯೇ ಮೂರು ತಿಂಗಳ ಸೆರೆವಾಸದ ಕಲಮೂ ಇದೆ. ಆದರೆ ಹೊರಗಿನ ನೆರವು ಪಡೆಯುವುದೆಲ್ಲ ಹೊರಹಾಕುವುದಲ್ಲ. ಹಗಲು ಆರು ಗಂಟೆ ತಾಯಿಯನ್ನು ನೋಡಿಕೊಳ್ಳುವ ಒಂದು ತಾಣವಿದ್ದು, ಸಂಜೆ ಮನೆಗೆ ಕರೆತಂದರೆ ಅದರಲ್ಲಿ ಯಾವ ಧರ್ಮಕ್ಕೆ ಚ್ಯುತಿ? ಹೋಂ ನರ್ಸ್ ಇಟ್ಟುಕೊಂಡ ಸೊಸೆಯನ್ನು ‘ಕೈ ನೋಯಿಸಿಕೊಳ್ಳದವಳು’ ಎನ್ನುವ ಬೀದಿ, ತನ್ನ ಮಗುವನ್ನು ಎರಡೂವರೆ ವರ್ಷಕ್ಕೇ ಶಾಲೆಯ ಗಾಡಿಗೆ ಹತ್ತಿಸುತ್ತದೆ. ಆಗ ಮಾತೃತ್ವಕ್ಕೆ ಕುಂದು ಬರುವುದಿಲ್ಲ!

ಕಾಯಕವೆಂದರೆ ಶರಣರು ಗಂಡುಹೆಣ್ಣೆಂಬ ಭೇದವೆಣಿಸಿದವರಲ್ಲ. ಮಾರಯ್ಯನವರು ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾದಾಗ ಅದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಗಂಡನಿಗೇ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮಗೆಲ್ಲ ಬಾಯಿಪಾಠ. ಕಾಯಕದ ಅಳತೆಯ ವಿಷಯದಲ್ಲಿ ಹೆಂಡತಿಗೆ ಮಾತಿತ್ತು, ಗಂಡನಿಗೆ ಕೇಳುವ ಕಿವಿಯಿತ್ತು. ಈಗ ನಮ್ಮ ಮನೆಗಳಲ್ಲಿ “ಇನ್ನು ನನ್ನಿಂದ ಆಗದು” ಎಂದು ಆಕೆ ಹೇಳಿದರೆ, ಅದು ಕಾಯಕದ ಅಳತೆಯ ಮಾತೆಂದು ಕೇಳುವವರು ಎಷ್ಟು ಮಂದಿ? ಸೊಕ್ಕಿನ ಮಾತೆಂದೇ ಕೇಳುವವರು ಹೆಚ್ಚು.

ಆಗದು ಎಂಬುದು ಸೊಕ್ಕಲ್ಲ. ಬಹುಕಾಲ ಒಬ್ಬರೇ ಆರೈಕೆ ಮಾಡುವವರಲ್ಲಿ ನಿದ್ರಾನಾಶ, ಖಿನ್ನತೆ, ಬೆನ್ನುನೋವು, ರಕ್ತದೊತ್ತಡ ಕಾಣಿಸಿಕೊಳ್ಳುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಈ ಹೊರೆಯನ್ನು ಅಳೆಯಲೆಂದೇ ಅಮೆರಿಕದ ಝರಿಟ್ ಎಂಬ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ 1980ರಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ನಿಮಗಾಗಿ ಹೊತ್ತು ಉಳಿಯುತ್ತಿಲ್ಲವೆನಿಸುತ್ತದೆಯೇ, ಮುಂದೇನಾದೀತೆಂದು ಭಯವಾಗುತ್ತದೆಯೇ ಎಂಬ ಬಗೆಯವು ಅದರೊಳಗಿನ ಪ್ರಶ್ನೆಗಳು. ನಮ್ಮೂರ ವೈದ್ಯರು ಮುದುಕರ ನಾಡಿ ಹಿಡಿಯುವಾಗ ಪಕ್ಕದಲ್ಲಿ ನಿಂತವಳ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿ ಇಂಥದೊಂದು ಪ್ರಶ್ನೆ ಕೇಳಿದರೆ ಎರಡು ನಿಮಿಷವೂ ಬೇಕಾಗದು. ಜರ್ಮನಿ 1995ರಲ್ಲಿಯೂ ಜಪಾನು 2000ದಲ್ಲಿಯೂ ಮುಪ್ಪಿನ ಆರೈಕೆಗೆ ವಿಮೆಯನ್ನೇ ಜಾರಿಗೆ ತಂದವು. ಜರ್ಮನಿಯಲ್ಲಿ ಮನೆಯವರನ್ನು ನೋಡಿಕೊಳ್ಳುವಾಕೆಯ ಪಿಂಚಣಿಯ ವಂತಿಗೆಯನ್ನೂ ಆ ವಿಮೆಯೇ ನಿಯಮಾನುಸಾರ ಕಟ್ಟುತ್ತದೆ. ಎಂದರೆ, ಅವಳೂ ಒಂದು ದಿನ ಮುದುಕಿಯಾಗುತ್ತಾಳೆಂಬುದು ಅಲ್ಲಿಯ ಸರ್ಕಾರಕ್ಕೆ ಹೊಳೆದಿದೆ. ನಾವು ಅನಾಗರಿಕರೆಂದು ಜರಿಯುವ ಪಾಶ್ಚಾತ್ಯರಿಗೆ!

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವುಪಶಮನದ ಒಂದು ಸಣ್ಣ ಸಂಸ್ಥೆ ಹುಟ್ಟಿತು. ಅದರಿಂದ ಬೆಳೆದ ಚಳುವಳಿಯಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ದಾದಿಯರೊಡನೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ತನ್ನ ನೀತಿಯಾಗಿಸಿಕೊಂಡು ಪಂಚಾಯಿತಿಗಳ ಮೂಲಕ ನಡೆಸಿತು. ಅಲ್ಲಿ ಮಸೀದಿಯವರೂ ಚರ್ಚಿನವರೂ ಗುಡಿಯವರೂ ಕಮ್ಯೂನಿಸ್ಟರೂ ಒಂದೇ ಗಾಡಿಯಲ್ಲಿ ಕುಳಿತು ರೋಗಿಯ ಮನೆಗೆ ಹೋಗುವುದುಂಟು. ಅನ್ನದಾಸೋಹ, ಅಕ್ಷರದಾಸೋಹಗಳನ್ನು ನಾಡಿಗೆ ಕಲಿಸಿದ ಮಠಗಳಿಗೆ ಈ ಆರೈಕೆಯ ದಾಸೋಹ ಕಷ್ಟವಾಗಬಾರದು.

ಆದುದರಿಂದ ಕೇಳುವುದನ್ನು ನೇರವಾಗಿಯೇ ಕೇಳುತ್ತೇನೆ. ಮೊದಲು ಮನೆಗಳಲ್ಲಿ. ಒಡಹುಟ್ಟಿದವರೆಲ್ಲ ಹಬ್ಬಕ್ಕೆ ಸೇರಿದಾಗ, ಹೋಳಿಗೆ ಉಂಡ ಮೇಲೆ, ತಾಯ್ತಂದೆಗಳ ಪಾಳಿಯನ್ನು ಕಾಗದದ ಮೇಲೆ ಬರೆಯಬೇಕು. ದೂರದಲ್ಲಿರುವವನು ಹಣವನ್ನಷ್ಟೇ ಕಳಿಸಿ ಕೈತೊಳೆದುಕೊಳ್ಳಬಾರದು. ವರ್ಷಕ್ಕೆ ಇಂತಿಷ್ಟು ದಿನ ತಾನೇ ಬಂದು ರಾತ್ರಿಯ ಪಾಳಿ ಮಾಡಬೇಕು, ಆ ದಿನಗಳಲ್ಲಿ ಅತ್ತಿಗೆ ಎಲ್ಲಿಗಾದರೂ ಹೋಗಲಿ, ತವರಿಗೋ ಶ್ರೀಶೈಲಕ್ಕೋ, ಅಥವಾ ಸುಮ್ಮನೆ ನಿದ್ದೆಗೋ. ಬರಲಾಗದವನು ಹೋಂ ನರ್ಸಿನ ಸಂಬಳ ತೆರಲಿ. ಆರೈಕೆಗಾಗಿ ಕೆಲಸ ಬಿಟ್ಟವಳ ಹೆಸರಿಗೆ, ಅವಳದೇ ಖಾತೆಗೆ, ಉಳಿದವರು ತಿಂಗಳು ತಿಂಗಳು ಹಣ ಕಟ್ಟಲಿ. ಅದು ಉಡುಗೊರೆಯಲ್ಲ, ಬಾಕಿ. ತಂದೆತಾಯಿಗಳೂ ಬಾಯಿ ಬಿಡಬೇಕು. ಬಂದವರ ಮುಂದೆ ದೂರದ ಮಗನನ್ನು ಹೊಗಳಿ ಹತ್ತಿರದ ಸೊಸೆಯ ವಿಷಯಕ್ಕೆ ಮೌನವಾಗುವ ಚಾಳಿಯನ್ನು ಅನೇಕ ಹಿರಿಯರಲ್ಲಿ ಕಂಡಿದ್ದೇನೆ. ವಯಸ್ಸಾದುದರಿಂದ ಅದಕ್ಕೆ ವಿನಾಯಿತಿಯಿಲ್ಲ.

ಅನಂತರ ಮಠದಲ್ಲಿ. ನಮ್ಮ ಕಲ್ಯಾಣ ಮಂಟಪಗಳು ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಬೀಗ ಹಾಕಿಕೊಂಡಿರುತ್ತವೆ, ಉಳಿದ ತಿಂಗಳುಗಳಲ್ಲಿಯೂ ಲಗ್ನವಿಲ್ಲದ ದಿನಗಳೇ ಹೆಚ್ಚು. ಅವುಗಳ ಒಂದು ಕೋಣೆಯನ್ನು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ವಿದ್ಯಾನಗರದ ಹಿರಿಯರಿಗೆ ತೆರೆದಿಡಬಹುದು. ಬೇಕಾಗುವುದು ಹತ್ತು ಮಂಚ, ಜಾರದ ನೆಲದ ಶೌಚಗೃಹ, ಗೋಡೆಗೆ ಹಿಡಿಕೆ, ಒಬ್ಬ ದಾದಿ, ಇಬ್ಬರು ಆಯಾಗಳು, ಮಧ್ಯಾಹ್ನದ ಪ್ರಸಾದ. ಪ್ರಸಾದ ಹೇಗೂ ಇದೆ. ವಾಕರು, ಗಾಲಿಕುರ್ಚಿ, ಏರ್‌ಬೆಡ್‌ಗಳನ್ನು ಕೊಂಡಿಟ್ಟು ಎರವಲು ಕೊಡುವ ಭಂಡಾರವೊಂದು ಅದರ ಜೊತೆಗಿರಲಿ. ಹಿರಿಯರು ತೀರಿಕೊಂಡ ಮೇಲೆ ಅಟ್ಟದ ಮೇಲೆ ಧೂಳು ತಿನ್ನುವ ಇಂಥ ಸಾಮಾನು ಪ್ರತಿ ಬೀದಿಯಲ್ಲೂ ಇದೆ, ಕೇಳಿದರೆ ಕೊಡುತ್ತಾರೆ. ಮೆಗ್ಗಾನ್ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ಇರುವ ಊರಿನಲ್ಲಿ, ತಿಂಗಳಿಗೊಮ್ಮೆ ಬಂದು ಮಗ್ಗುಲಾಗಿಸುವ ಕ್ರಮ, ಎತ್ತುವ ಕ್ರಮ ಕಲಿಸಿಕೊಡುವ ದಾದಿಯರೂ ದೇಹಚಿಕಿತ್ಸಕರೂ ಸಿಗದಿರಲಾರರು. ಆ ತರಗತಿಗೆ ಸೊಸೆಯಂದಿರನ್ನಷ್ಟೇ ಕರೆಯಬಾರದು; ಗಂಡುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಹಿರಿಯರ ಸಹಾಯವಾಣಿ 14567 ಎಂಬುದನ್ನು ಮಠದ ಬಾಗಿಲಲ್ಲಿಯೇ ದೊಡ್ಡ ಅಕ್ಷರದಲ್ಲಿ ಬರೆಸಲಿ.

ಹಣವೆಲ್ಲಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ವಂತಿಗೆಯಲ್ಲಿ ಕಮಾನುಗಳು ಏಳುತ್ತವೆ, ದಾನಿಗಳ ಹೆಸರು ಅಮೃತಶಿಲೆಯಲ್ಲಿ ಕೆತ್ತಲ್ಪಡುತ್ತದೆ. ಒಂದು ಕಮಾನಿನ ಹಣದಲ್ಲಿ ಹತ್ತು ಮಂಚಗಳ ಕೋಣೆ ಎಷ್ಟು ವರ್ಷ ನಡೆದೀತೆಂದು ಸಂಘದ ಖಜಾಂಚಿಗಳೇ ಲೆಕ್ಕ ಹಾಕಿ ಹೇಳಲಿ. ಸಂಘದ ಮುಂದಿನ ಸಭೆಯಲ್ಲಿ ಈ ಪ್ರಸ್ತಾಪವನ್ನು ನಾನು ಬರವಣಿಗೆಯಲ್ಲಿ ಕೊಡಲಿದ್ದೇನೆ. ಅದನ್ನು ‘ಅಧ್ಯಕ್ಷರ ಅಪ್ಪಣೆ ಪಡೆದು ಇತರೆ ವಿಷಯಗಳು’ ಎಂಬ ಕೊನೆಯ ಸಾಲಿಗೆ ತಳ್ಳದೆ ಕಾರ್ಯಸೂಚಿಯ ಮೊದಲನೆಯ ವಿಷಯವಾಗಿಡಬೇಕೆಂದೂ, ಆ ಸಭೆಯನ್ನು ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಬರಬಹುದಾದ ಹೊತ್ತಿನಲ್ಲಿ ಕರೆಯಬೇಕೆಂದೂ, ಅವರು ಬರುವಷ್ಟು ಹೊತ್ತು ಮನೆಯಲ್ಲಿ ಅವರ ಗಂಡಂದಿರು ಪಾಳಿಯಲ್ಲಿರಬೇಕೆಂದೂ ಪದಾಧಿಕಾರಿಗಳನ್ನು ಪ್ರಾರ್ಥಿಸುತ್ತೇನೆ.